ಮರುಭೂಮಿಯ ಕಲ್ಲು ಎಲ್5 ಹೌದೋ ಅಲ್ಲವೋ: ತುಕ್ಕನ್ನು ಕೇಳಬೇಡಿ, ಒಲಿವಿನ್ ಕೇಳಿ

ಪ್ರಶ್ನೆ: ನಮ್ಮ ಭಾವ ದುಬೈನಲ್ಲಿದ್ದಾರೆ. ಈ ಸಲ ಊರಿಗೆ ಬಂದಾಗ ಮೊರಾಕೊದ ವ್ಯಾಪಾರಿಯಿಂದ ಕೊಂಡ ಒಂದು ಉಲ್ಕಾಶಿಲೆ ತಂದುಕೊಟ್ಟರು. ರಶೀದಿ ಇದೆ. ತೂಕ 386 ಗ್ರಾಂ. ಮೇಲೆಲ್ಲ ಕಪ್ಪು-ಕಂದು ಬಣ್ಣ, ಒಂದು ಬದಿಗೆ ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ಒಂದು ಮೂಲೆ ಮುರಿದಿದೆ. ಒಳಗೂ ಕಂದು, ಅಲ್ಲಲ್ಲಿ ಸಣ್ಣ ಮಿನುಗು. ಅಯಸ್ಕಾಂತ ಹಿಡಿಯುತ್ತದೆ, ಗಟ್ಟಿಯಾಗಿ ಅಲ್ಲ. ಜೊತೆಗಿದ್ದ ಚೀಟಿಯಲ್ಲಿ ‘ಸಹಾರಾ, ಎಲ್5, ವರ್ಗೀಕರಣ ಆಗಿಲ್ಲ’ ಎಂದಿದೆ. ವರ್ಗೀಕರಣ ಆಗದೆ ಎಲ್5 ಎಂದು ಹೇಗೆ ಗೊತ್ತಾಯಿತು? ಮನೆಯಲ್ಲಿ ಎಷ್ಟರ ಮಟ್ಟಿಗೆ ಪರೀಕ್ಷೆ ಮಾಡಬಹುದು? ಸರಿಯಾಗಿ ಮಾಡಿಸಬೇಕಾದರೆ ಎಷ್ಟು ಕಲ್ಲು ಕಳೆದುಕೊಳ್ಳಬೇಕು?
ಓದುಗರು, ಶ್ರೀರಂಗಪಟ್ಟಣ

ಉತ್ತರ: ಚೀಟಿಯಲ್ಲಿರುವುದು ವ್ಯಾಪಾರಿಯ ಕಣ್ಣಂದಾಜು. ತಪ್ಪೇ ಆಗಿರಬೇಕೆಂದೇನೂ ಇಲ್ಲ. ಬೀಳುವುದನ್ನು ಜನ ಕಣ್ಣಾರೆ ಕಂಡು ಹೆಕ್ಕಿದ ಉಲ್ಕಾಶಿಲೆಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ‘ಸಾಮಾನ್ಯ ಕಾಂಡ್ರೈಟ್’ ಜಾತಿಯವು, ಅಂದರೆ ಒಳಗೆ ಕಾಂಡ್ರೂಲು ಎಂಬ ಸಣ್ಣ ಗುಂಡು ಕಾಳುಗಳಿರುವ ಕಲ್ಲುಗಳು. ಅವುಗಳಲ್ಲೂ ಎಚ್ ಮತ್ತು ಎಲ್ ಗುಂಪಿನವೇ ಬಹುಪಾಲು. ಹಾಗಾಗಿ ಕಂದು ಕಲ್ಲೊಂದನ್ನು ಕೈಯಲ್ಲಿ ಹಿಡಿದು ‘ಎಲ್5’ ಅಂದವರ ಮಾತು ಎಷ್ಟೋ ಸಲ ನಿಜವಾಗಿಬಿಡುತ್ತದೆ, ಜುಲೈನಲ್ಲಿ ಮಡಿಕೇರಿಯಲ್ಲಿ ನಿಂತು ‘ನಾಳೆ ಮಳೆ’ ಅಂದವರ ಮಾತಿನ ಹಾಗೆ.

ಪೂರ್ತಿ ವರ್ಗೀಕರಣ ಆದ ಕಲ್ಲಿಗೆ ‘ಎಲ್5, ಎಸ್3, ಡಬ್ಲ್ಯು3’ ಎಂಬಂಥ ಒಂದು ಸಾಲು ಸಿಗುತ್ತದೆ. ಅದರಲ್ಲಿ ನಾಲ್ಕು ಬೇರೆ ಬೇರೆ ಪ್ರಶ್ನೆಗೆ ಉತ್ತರ ಅಡಗಿದೆ. ಮೊದಲ ಅಕ್ಷರ ರಾಸಾಯನಿಕ ಗುಂಪು. ಎಚ್ ಅಂದರೆ ಕಬ್ಬಿಣ ಹೆಚ್ಚು (ಕನ್ನಡದವರಿಗೆ ನೆನಪಿಡುವುದು ಸುಲಭ), ಎಲ್ ಅಂದರೆ ಕಡಿಮೆ, ಎಲ್‌ಎಲ್‌ನಲ್ಲಿ ಒಟ್ಟು ಕಬ್ಬಿಣವೂ ಕಡಿಮೆ, ಲೋಹವಾಗಿ ಉಳಿದಿರುವ ಕಬ್ಬಿಣ ಇನ್ನೂ ಕಡಿಮೆ. 5 ಎಂಬ ಅಂಕಿ ಆ ಕಲ್ಲು ತನ್ನ ತಾಯಿ ಕ್ಷುದ್ರಗ್ರಹದ ಒಳಗೆ ಎಷ್ಟು ಬೆಂದಿತ್ತು ಎಂಬುದನ್ನು ಹೇಳುತ್ತದೆ. ಎಸ್ ಎಂದರೆ ಇನ್ನೊಂದು ಕಾಯ ಬಂದು ಗುದ್ದಿದಾಗ ತಿಂದ ಪೆಟ್ಟು. ಡಬ್ಲ್ಯು ಎಂದರೆ ಭೂಮಿಗೆ ಬಿದ್ದ ಮೇಲೆ ಹಿಡಿದ ತುಕ್ಕು. ಮೊದಲ ಮೂರು ಬಾಹ್ಯಾಕಾಶದ ಕಥೆ, ನಾಲ್ಕನೆಯದು ಸಹಾರಾದ್ದು. ನಿಮ್ಮ ಕಲ್ಲಿನಲ್ಲಿ ತೊಡಕಿರುವುದೂ ಇಲ್ಲೇ: ನಾಲ್ಕನೆಯ ಕಥೆ ಮೊದಲನೆಯದರ ಗುರುತನ್ನು ಒರೆಸಿಹಾಕುತ್ತಾ ಬರುತ್ತದೆ.

ಲೆಕ್ಕ ಹಾಕಿ ನೋಡಿ. ಹೊಸದಾಗಿ ಬಿದ್ದ ಎಚ್ ಕಾಂಡ್ರೈಟ್‌ನಲ್ಲಿ ತೂಕದ ಸುಮಾರು 17–18 ಶೇಕಡಾ ಲೋಹದ ಕಣಗಳಿರುತ್ತವೆ, ಎಲ್‌ನಲ್ಲಿ ಸುಮಾರು 8, ಎಲ್‌ಎಲ್‌ನಲ್ಲಿ 3–4. ಹೊಸ ಕಲ್ಲಾದರೆ ಕತ್ತರಿಸಿದ ಮುಖ ನೋಡಿಯೇ ಗುಂಪು ಊಹಿಸಬಹುದು. ಆದರೆ ಸಾವಿರಾರು ವರ್ಷ ಮರುಭೂಮಿಯಲ್ಲಿ ಬಿದ್ದಿದ್ದ ಎಚ್ ಕಲ್ಲಿನ ಲೋಹದಲ್ಲಿ ಮುಕ್ಕಾಲು ಪಾಲು ತುಕ್ಕಾಗಿದ್ದರೆ ಉಳಿಯುವುದು 4 ಶೇಕಡಾ ಮಾತ್ರ. ಕಣ್ಣಿಗೆ ಅದು ಎಲ್‌ಎಲ್. ಅಯಸ್ಕಾಂತಕ್ಕೂ ಹೆಚ್ಚುಕಡಿಮೆ ಎಲ್ ಅಥವಾ ಎಲ್‌ಎಲ್. ‘ಗಟ್ಟಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಎಲ್’ ಎಂಬ ತರ್ಕ ಮರುಭೂಮಿಯ ಕಲ್ಲಿನಲ್ಲಿ ನಿಲ್ಲದಿರುವುದು ಇದಕ್ಕೇ. ಪ್ರಯೋಗಾಲಯಗಳಲ್ಲಿ ಅಯಸ್ಕಾಂತೀಯ ಗ್ರಾಹ್ಯತೆಯನ್ನು, ಅಂದರೆ ಅಯಸ್ಕಾಂತಕ್ಕೆ ಕಲ್ಲು ಎಷ್ಟು ಓಗೊಡುತ್ತದೆ ಎಂಬುದನ್ನು, ಅಳೆಯುವ ಪುಟ್ಟ ಯಂತ್ರವಿರುತ್ತದೆ. ಹೊಸದಾಗಿ ಬಿದ್ದ ಕಲ್ಲುಗಳಲ್ಲಿ ಅದು ಎಚ್, ಎಲ್, ಎಲ್‌ಎಲ್ ಗುಂಪುಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ. ತುಕ್ಕು ಹಿಡಿದವುಗಳಲ್ಲಿ ಎಚ್ ಜಾರಿ ಎಲ್‌ನ ಜಾಗಕ್ಕೆ, ಎಲ್ ಜಾರಿ ಎಲ್‌ಎಲ್‌ನ ಜಾಗಕ್ಕೆ ಬಂದು ಕೂರುತ್ತದೆ.

ಆದ್ದರಿಂದ ವರ್ಗೀಕರಣ ಮಾಡುವವರು ಲೋಹವನ್ನು ಬಿಟ್ಟು ತುಕ್ಕು ಸುಲಭಕ್ಕೆ ಮುಟ್ಟದ ಸಿಲಿಕೇಟ್ ಖನಿಜಗಳನ್ನು ಕೇಳುತ್ತಾರೆ. ಮುಖ್ಯವಾಗಿ ಒಲಿವಿನ್, ಅಂದರೆ ಮೆಗ್ನೀಷಿಯಂ-ಕಬ್ಬಿಣದ ಸಿಲಿಕೇಟ್. ಅದನ್ನು ಕೇಳುವ ಬಗೆಗೆ ಆಮೇಲೆ ಬರೋಣ. ಮೊದಲು ಮನೆಯ ಕೆಲಸ.

ತೂಕ ನೋಡಿದ ಮೇಲೆ ಮಾಡಬೇಕಾದ ಮೊದಲ ಅಳತೆ ಸಾಂದ್ರತೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅದರ ಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ತೆಳು ನೈಲಾನ್ ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವ ಹಾಗೆ, ತಳಕ್ಕಾಗಲಿ ಬದಿಗಾಗಲಿ ತಾಗದ ಹಾಗೆ ನೀರಿನೊಳಗೆ ತೂಗುಹಾಕಿ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಕಲ್ಲಿನ ಗಾತ್ರ ಅಷ್ಟು ಘನ ಸೆಂ.ಮೀ. ಉದಾಹರಣೆಗೆ 115 ತೋರಿಸಿದರೆ 386 ಭಾಗಿಸು 115, ಅಂದರೆ 3.36. ನೀರು ಮಾತ್ರ ಕೊಳವೆಬಾವಿಯದ್ದು ಬೇಡ. ಮಂಡ್ಯ ಕಡೆಯ ಕೊಳವೆಬಾವಿ ನೀರಿನಲ್ಲಿ ಲವಣ ಹೆಚ್ಚು. ಅದರ ಕ್ಲೋರೈಡ್ ಕಲ್ಲಿನ ಬಿರುಕಿಗೆ ಸೇರಿಕೊಂಡರೆ ತುಕ್ಕು ಹೊಸದಾಗಿ ಶುರುವಾಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಹತ್ತು-ಹದಿನೈದು ಸೆಕೆಂಡಿನಲ್ಲಿ ಅಂಕಿ ಓದಿ ಹೊರತೆಗೆಯಿರಿ. ತಕ್ಷಣ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ತೆಗೆದು ಟೇಬಲ್ ಲ್ಯಾಂಪಿನ ಬಿಸಿಯಲ್ಲಿ ಒಂದು ದಿನ ಒಣಗಿಸಿ. ಕಲ್ಲಿಗೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಗಾತ್ರ ಹೆಚ್ಚು ಬಂದು ಸಾಂದ್ರತೆ ಕಡಿಮೆ ಕಾಣುತ್ತದೆ, ಒಮ್ಮೆ ಅಲುಗಿಸಿ ಓದಿ.

ಸಾಮಾನ್ಯ ಕಾಂಡ್ರೈಟ್‌ಗಳು ಹೆಚ್ಚಾಗಿ 3.2ರಿಂದ 3.5ರ ನಡುವೆ ಬರುತ್ತವೆ. ನಮ್ಮ ಗ್ರಾನೈಟ್ 2.65ರ ಸುಮಾರು, ಶ್ರೀರಂಗಪಟ್ಟಣದ ಸುತ್ತ ನೀವು ದಿನಾ ನೋಡುವ ಕರಿ ಡಾಲರೈಟ್ 3.0ರ ಸುಮಾರು. 3.36 ಬಂದರೆ ‘ಗ್ರಾನೈಟ್ ಅಲ್ಲ, ಡಾಲರೈಟ್ ಅಲ್ಲ’ ಎನ್ನಬಹುದು. ‘ಎಲ್’ ಎನ್ನಲಾಗದು. ಎಚ್, ಎಲ್, ಎಲ್‌ಎಲ್ ಮೂರರ ಸಾಂದ್ರತೆಗಳು ಒಂದರ ಮೇಲೊಂದು ಏರಿ ಕೂತಿವೆ. ಈ ಅಳತೆ ಅನ್ಯರನ್ನು ಹೊರಗಿಡುತ್ತದೆ, ಒಳಗಿನವರಲ್ಲಿ ಯಾರು ಯಾರೆಂದು ಹೇಳುವುದಿಲ್ಲ.

ಅಯಸ್ಕಾಂತದ ಬಗ್ಗೆ ಒಂದು ಮಾತು. ಸ್ಪೀಕರಿನಿಂದ ಕಿತ್ತ ಅಥವಾ ಹೊಸ ನಿಯೋಡೈಮಿಯಂ ಅಯಸ್ಕಾಂತವನ್ನು ಕಲ್ಲಿಗೆ ಅಂಟಿಸಿದರೆ, ಅದರೊಳಗೆ ಕೋಟ್ಯಂತರ ವರ್ಷಗಳಿಂದ ಉಳಿದುಕೊಂಡಿರಬಹುದಾದ ಪ್ರಾಚೀನ ಕಾಂತತ್ವದ ದಾಖಲೆ ಒಂದೇ ಕ್ಷಣದಲ್ಲಿ ಹೋಗುತ್ತದೆ. ಸಹಾರಾದಿಂದ ವ್ಯಾಪಾರಕ್ಕೆ ಬಂದ ಕಲ್ಲುಗಳಿಗೆ ಹೆಕ್ಕಿದವರೇ ಅಯಸ್ಕಾಂತ ತಾಗಿಸಿರುತ್ತಾರೆ, ನಿಮ್ಮದರಲ್ಲಿ ಆ ದಾಖಲೆ ಆಗಲೇ ಹೋಗಿರಬಹುದು. ಆದರೂ ದಾರಕ್ಕೆ ಕಟ್ಟಿದ ಫ್ರಿಜ್ ಅಯಸ್ಕಾಂತವನ್ನು ಹತ್ತಿರ ತಂದು ಓಲುತ್ತದೆಯೇ ನೋಡುವುದಷ್ಟೇ ಸಾಕು.

ಇನ್ನು ಕಿಟಕಿ. ಮುರಿದ ಮೂಲೆಯಲ್ಲೇ ಒಂದು ಸೆಂ.ಮೀ. ಅಗಲದ ಜಾಗವನ್ನು ನುಣ್ಣಗೆ ತೀಡಿ ಒಳಗೆ ನೋಡುವುದನ್ನು ಹಾಗೆ ಕರೆಯುತ್ತಾರೆ. ಕಾರಿಗೆ ಬಣ್ಣ ಹೊಡೆಯುವವರ ಬಳಿ ಸಿಗುವ ವಾಟರ್ ಪೇಪರ್ ತನ್ನಿ: 220, 400, 800, 1200 ನಂಬರ್, ಇದೇ ಕ್ರಮದಲ್ಲಿ. ಹೆಸರು ವಾಟರ್ ಪೇಪರ್ ಆದರೂ ನೀರು ಹಾಕಬೇಡಿ, ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಹಾಕಿ ಉಜ್ಜಿ. ಪೇಪರನ್ನು ಗಾಜಿನ ತುಂಡಿನ ಮೇಲಿಟ್ಟು ಕಲ್ಲನ್ನು ಅದರ ಮೇಲೆ ಆಡಿಸಿದರೆ ಮುಖ ಚಪ್ಪಟೆಯಾಗಿ ಬರುತ್ತದೆ. ಪೇಪರನ್ನು ಕೈಯಲ್ಲಿ ಹಿಡಿದು ಉಜ್ಜಿದರೆ ಅಂಚು ದುಂಡಗಾಗುತ್ತದೆ, ಗಟ್ಟಿ ಲೋಹ ಮೇಲುಬ್ಬಿ ಮೆತ್ತನೆಯ ತುಕ್ಕು ತಗ್ಗಾಗುತ್ತದೆ.

ಗಡಿಯಾರ ರಿಪೇರಿಯವರ ಹತ್ತು ಪಟ್ಟಿನ ಲೂಪ್ ಹಿಡಿದು ಬಿಸಿಲಲ್ಲಿ ನೋಡಿ. ಬೆಳ್ಳಿಯ ಚೂರಿನಂತೆ ಮಿನುಗುವುದು ನಿಕೆಲ್-ಕಬ್ಬಿಣ. ಸ್ವಲ್ಪ ಕಂಚಿನ ಛಾಯೆಯದು ಟ್ರಾಯ್ಲೈಟ್ ಎಂಬ ಕಬ್ಬಿಣದ ಸಲ್ಫೈಡ್. ಲೋಹದ ಕಣದ ಸುತ್ತ ಬೂದು-ಕಪ್ಪು ಉಂಗುರ, ಅಲ್ಲಿಂದ ಕವಲೊಡೆದು ಹೊರಟ ಕಂದು ಎಳೆಗಳು: ಅದೆಲ್ಲ ಮರುಭೂಮಿಯ ತುಕ್ಕು. ಆಮೇಲೆ ಗುಂಡಗಿನ ಕಾಳುಗಳನ್ನು ಹುಡುಕಿ. ಅವೇ ಕಾಂಡ್ರೂಲುಗಳು, 450 ಕೋಟಿ ವರ್ಷಕ್ಕೂ ಹಿಂದೆ ಕರಗಿದ ಹನಿಗಳಾಗಿ ಗಟ್ಟಿಯಾದವು. ಸಾಮಾನ್ಯ ಕಾಂಡ್ರೈಟ್‌ಗಳಲ್ಲಿ ಹೆಚ್ಚಿನವು ಅರ್ಧ ಮಿ.ಮೀ. ಆಸುಪಾಸು, ರಾಗಿ ಕಾಳಿಗಿಂತಲೂ ಸಾಕಷ್ಟು ಚಿಕ್ಕವು. ಬಟಾಣಿ ಗಾತ್ರದ ಗುಂಡುಗಳನ್ನು ನಿರೀಕ್ಷಿಸಿ ನಿರಾಸೆಯಾಗುವವರೇ ಹೆಚ್ಚು. ಕೆಲವದರೊಳಗೆ ಬೀಸಣಿಗೆಯಂತೆ ಒಂದು ಅಂಚಿನಿಂದ ಹರಡಿದ ಗೆರೆಗಳು, ಕೆಲವದರಲ್ಲಿ ಸಾಲು ಸಾಲು ಪಟ್ಟಿಗಳು ಕಾಣುತ್ತವೆ. ಈ ಆಕಾರಗಳು ಒಂದೆರಡು ಸ್ಪಷ್ಟವಾಗಿ ಕಂಡರೂ ಸಾಕು, ಉಲ್ಕಾಶಿಲೆ ಹೌದೋ ಅಲ್ಲವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಭೂಮಿಯ ಯಾವ ಶಿಲೆಯಲ್ಲೂ ಲೋಹದ ಕಣಗಳ ಜೊತೆ ಇಂಥ ಕಾಳುಗಳು ಇರುವುದಿಲ್ಲ.

ನಿಕೆಲ್ ಪರೀಕ್ಷೆಯಲ್ಲಿ ಮೋಸಹೋಗುವ ದಾರಿಗಳು ಜಾಸ್ತಿ. ವಿಧಾನ ಸರಳ: ಕಿಟಕಿಯ ಲೋಹದ ಕಣದ ಮೇಲೆ ವಿನಿಗರ್ ತೊಟ್ಟ ಹತ್ತಿಕಡ್ಡಿಯನ್ನು ಅರ್ಧ ನಿಮಿಷ ಒತ್ತಿ, ಆ ಹತ್ತಿಗೆ ಒಂದು ಹನಿ ಅಮೋನಿಯಾ, ಆಮೇಲೆ ಡೈಮೀಥೈಲ್‌ಗ್ಲೈಆಕ್ಸಿಮ್‌ನ 1 ಶೇಕಡಾ ಆಲ್ಕೋಹಾಲ್ ದ್ರಾವಣದ ಒಂದು ಹನಿ. ಗುಲಾಬಿ-ಕೆಂಪು ಬಂದರೆ ನಿಕೆಲ್ ಇದೆ. ಆದರೆ ಅಂಗಡಿಯಲ್ಲಿ ಸಿಗುವ ಅಗ್ಗದ ಡೈಮಂಡ್ ಅರಗಳಲ್ಲಿ ವಜ್ರದ ಪುಡಿಯನ್ನು ಲೋಹಕ್ಕೆ ಹಿಡಿಸಿರುವುದೇ ನಿಕೆಲ್ ಲೇಪದಿಂದ. ಅಂಥ ಅರದಿಂದ ಕಿಟಕಿ ತೀಡಿ ಈ ಪರೀಕ್ಷೆ ಮಾಡಿದರೆ ದಾರಿಬದಿಯ ಜಲ್ಲಿಯೂ ಗುಲಾಬಿ ಬಣ್ಣ ಕೊಡಬಹುದು. ವಾಟರ್ ಪೇಪರ್ ಹೇಳಿದ್ದು ಅದಕ್ಕೂ ಸೇರಿ. ಕಡ್ಡಿಯನ್ನು ಬರೀ ತುಕ್ಕಿನ ಮೇಲೆ ಒತ್ತಿದರೆ ಕಬ್ಬಿಣದ ಕಂದು ಬಣ್ಣವೇ ಬಂದು ಗುಲಾಬಿ ಮುಚ್ಚಿಹೋಗುತ್ತದೆ, ಹೊಳೆಯುವ ಕಣವನ್ನೇ ಹುಡುಕಿ ಒತ್ತಬೇಕು.

ಮೈಸೂರಿನ ಅಶೋಕ ರಸ್ತೆಯ ಚಿನ್ನದ ಅಂಗಡಿಗಳಲ್ಲಿರುವಂಥ ಎಕ್ಸ್-ರೇ ಯಂತ್ರದಲ್ಲಿ ಕಲ್ಲಿಟ್ಟು ಓದಿಸಬಹುದಲ್ಲ ಎಂಬ ಯೋಚನೆ ನಿಮಗೂ ಬಂದಿರಬಹುದು. ಓದಿಸಬಹುದು, ಆದರೆ ಬರುವ ಚೀಟಿಯನ್ನು ಓದುವ ರೀತಿ ಬೇರೆ. ಆ ಯಂತ್ರಗಳನ್ನು ಆಭರಣದ ಲೋಹಕ್ಕೆ ಹೊಂದಿಸಿರುತ್ತಾರೆ. ಆಮ್ಲಜನಕ, ಮೆಗ್ನೀಷಿಯಂ, ಸಿಲಿಕಾನ್ ಅದರ ಲೆಕ್ಕಕ್ಕೇ ಬರುವುದಿಲ್ಲ, ಕಂಡ ಲೋಹಗಳನ್ನಷ್ಟೇ ಕೂಡಿಸಿ ನೂರು ಮಾಡುತ್ತದೆ. ಎಲ್ ಕಾಂಡ್ರೈಟ್‌ನಲ್ಲಿ ನಿಜವಾಗಿ ಇರುವುದು ಒಟ್ಟು ಕಬ್ಬಿಣ ಸುಮಾರು 21.5 ಶೇಕಡಾ, ನಿಕೆಲ್ ಸುಮಾರು 1.2. ಯಂತ್ರ ಅದನ್ನು ಹಿಗ್ಗಿಸಿ ಕಬ್ಬಿಣ 92, ನಿಕೆಲ್ 5 ಎಂದು ಮುದ್ರಿಸಿಬಿಡುತ್ತದೆ. ಚೀಟಿ ನೋಡಿದವರು ‘ಇದು ಪೂರ್ತಿ ಕಬ್ಬಿಣದ ಉಲ್ಕೆ’ ಅಂದುಕೊಳ್ಳುತ್ತಾರೆ.

ಆ ಚೀಟಿಯಿಂದ ನಿಕೆಲ್ ಮತ್ತು ಕಬ್ಬಿಣದ ಅನುಪಾತವನ್ನಾದರೂ ತೆಗೆದುಕೊಳ್ಳೋಣವೆಂದರೆ ಅಲ್ಲೂ ಒಂದು ಹಳ್ಳವಿದೆ, ಅದು ನಿಮ್ಮ ಮನೆಯ ಹತ್ತಿರವೇ ಇದೆ. ಮೈಸೂರಿನ ದಕ್ಷಿಣಕ್ಕೆ ಸಿಂಧುವಳ್ಳಿ ಕಡೆ ಕ್ರೋಮೈಟ್ ತೆಗೆದ ಜಾಗಗಳ ಅಲ್ಟ್ರಾಮಾಫಿಕ್ (ಮೆಗ್ನೀಷಿಯಂ-ಕಬ್ಬಿಣ ಹೆಚ್ಚು, ಸಿಲಿಕಾ ಕಡಿಮೆ ಇರುವ) ಶಿಲೆಗಳು ಗೊತ್ತಲ್ಲ, ಬಹುಪಾಲು ಒಲಿವಿನ್ನೇ ಆದ ಡ್ಯೂನೈಟ್ ಜಾತಿಯವು. ಇಂಥ ಶಿಲೆಗಳಲ್ಲಿ ಒಲಿವಿನ್ ಇರುತ್ತದೆ, ನಿಕೆಲ್ 0.2–0.3 ಶೇಕಡಾ ಇರುತ್ತದೆ, ಕಬ್ಬಿಣ 6ರ ಆಸುಪಾಸು. ಅನುಪಾತ 0.04. ಎಲ್ ಕಾಂಡ್ರೈಟ್‌ದು 0.056. ಆಭರಣದ ಯಂತ್ರದ ಖಚಿತತೆಗೆ ಇವೆರಡೂ ಒಂದೇ. ಡ್ಯೂನೈಟ್ ನೀರು ತಾಗಿ ಅರ್ಧಂಬರ್ಧ ಸರ್ಪೆಂಟೈನ್ ಎಂಬ ಖನಿಜವಾಗಿದ್ದರೆ ಒಳಗೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಹುಟ್ಟಿಕೊಂಡು ಅಯಸ್ಕಾಂತವನ್ನೂ ಹಿಡಿಯುತ್ತದೆ. ಕಪ್ಪು-ಹಸಿರು, ಭಾರ, ನಿಕೆಲ್, ಅಯಸ್ಕಾಂತ, ಎಲ್ಲ ಸೇರಿದ ಪಕ್ಕಾ ವೇಷಗಾರ! ಅದರಲ್ಲಿ ಇಲ್ಲದ್ದು ಎರಡೇ: ಬೆಳ್ಳಿಯಂತೆ ಮಿನುಗುವ ಲೋಹ ಮತ್ತು ಕಾಂಡ್ರೂಲು. ಸಾಧ್ಯವಾದರೆ ಅಲ್ಲಿನ ಒಂದು ತುಂಡು ತಂದು ನಿಮ್ಮ ಕಲ್ಲಿಗೆ ಮಾಡಿದ ಪ್ರತಿ ಪರೀಕ್ಷೆಯನ್ನು ಅದಕ್ಕೂ ಮಾಡಿ. ಯಾವ ಪರೀಕ್ಷೆ ಎರಡನ್ನೂ ಬೇರ್ಪಡಿಸುವುದಿಲ್ಲವೋ ಅದರ ಮೇಲೆ ಭಾರ ಹಾಕಬೇಡಿ.

ಬಿಳಿ ಪೊರೆಯ ವಿಷಯ. ಅದು ಮರುಭೂಮಿಯ ಕ್ಯಾಲ್ಸಿಯಂ ಕಾರ್ಬೊನೇಟ್, ಕಲ್ಲಿನ ಯಾವ ಬದಿ ಮಣ್ಣೊಳಗಿತ್ತೋ ಅಲ್ಲಿ ಕೂತದ್ದು. ಒಂದು ಚಕ್ಕೆ ಕಿತ್ತು ಬೇರೆ ತಟ್ಟೆಯಲ್ಲಿಟ್ಟು ವಿನಿಗರ್ ಹಾಕಿದರೆ ನೊರೆ ಬರುತ್ತದೆ. ಇಡೀ ಕಲ್ಲಿನ ಮೇಲೆ ಹಾಕಬೇಡಿ. ಹಿತ್ತಾಳೆ ಪಾತ್ರೆಗೆ ಮಾಡುವ ಹಾಗೆ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಉಜ್ಜುವುದಂತೂ ಬೇಡವೇ ಬೇಡ: ಆಮ್ಲ ಬಿರುಕಿನೊಳಗೆ ಇಳಿದು ಟ್ರಾಯ್ಲೈಟ್ ತಿನ್ನುತ್ತದೆ. ಆ ಪೊರೆ ಇರುವುದರಿಂದ ನಷ್ಟವೇನಿಲ್ಲ, ಮರಳಲ್ಲಿ ಕಲ್ಲು ಯಾವ ಮಗ್ಗುಲಲ್ಲಿ ಮಲಗಿತ್ತೆಂಬುದನ್ನು ಹೇಳುತ್ತದೆ. ರಾಸಾಯನಿಕ ವಿಶ್ಲೇಷಣೆ ಮಾಡುವವರಿಗೂ ಎಚ್ಚರಿಕೆ ಕೊಡುತ್ತದೆ, ಏಕೆಂದರೆ ಬಿಸಿ ಮರುಭೂಮಿಯ ಕಲ್ಲುಗಳಿಗೆ ನೆಲದಿಂದ ಬೇರಿಯಂ ಮತ್ತು ಸ್ಟ್ರಾಂಷಿಯಂ ಸೇರಿಕೊಳ್ಳುತ್ತವೆ. ಅವನ್ನು ಬಾಹ್ಯಾಕಾಶದ್ದೆಂದು ಓದಿದರೆ ಕೆಟ್ಟಿತು.

ಈಗ ಒಲಿವಿನ್ ಕೇಳುವ ಕೆಲಸ.

ಮೊದಲು ಒಂದು ತುಂಡು ಬೇಕು. ಇಲ್ಲಿ ಅವಸರ ಮಾಡಿ ಗ್ರಾನೈಟ್ ಕೆಲಸದವರ ಬಳಿ ಒಯ್ಯಬೇಡಿ. ಮಾರ್ಬಲ್ ಕಟರ್‌ನ ಬಿಲ್ಲೆ 2 ಮಿ.ಮೀ. ದಪ್ಪ. ನಿಮ್ಮ ಕಲ್ಲಿನ ಅಡ್ಡಕೊಯ್ತ 20 ಚದರ ಸೆಂ.ಮೀ. ಇದೆಯೆಂದುಕೊಳ್ಳಿ: ಒಂದೇ ಕೊಯ್ತಕ್ಕೆ 4 ಘನ ಸೆಂ.ಮೀ., ಅಂದರೆ 13 ಗ್ರಾಂಗೂ ಹೆಚ್ಚು ಕಲ್ಲು ದೂಳಾಗಿ ಚರಂಡಿಗೆ ಹೋಗುತ್ತದೆ. ಅರ್ಧ ಮಿ.ಮೀ. ದಪ್ಪದ ಡೈಮಂಡ್ ಬಿಲ್ಲೆಯಾದರೆ ಸುಮಾರು 3.4 ಗ್ರಾಂ. ನೀರು ಹಾಕಿ ಕೊಯ್ದರೆ ತುಕ್ಕು, ಒಣಗಿಸಿ ಕೊಯ್ದರೆ ಬಿಸಿ, ಲೋಹದ ಕಣಗಳು ಮುಖದ ಮೇಲೆಲ್ಲ ಬಳಿದುಕೊಳ್ಳುತ್ತವೆ. ಥಿನ್ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡಲು ಗಾಜಿಗೆ ಅಂಟಿಸಿ ತೆಳ್ಳಗೆ ತೇಯ್ದ ಕಲ್ಲಿನ ಸ್ಲೈಡ್) ಮಾಡುವ ಕಡೆಯೇ ಕೊಯ್ಸಿ, ನೀರಿನ ಬದಲು ಆಲ್ಕೋಹಾಲ್ ಅಥವಾ ತೆಳು ಎಣ್ಣೆ ಬಳಸುವಂತೆ ಮೊದಲೇ ಹೇಳಿ.

ಥಿನ್ ಸೆಕ್ಷನ್‌ಗೆ 20 × 15 ಮಿ.ಮೀ. ಮುಖದ, 5 ಮಿ.ಮೀ. ದಪ್ಪದ ಚೂರು ಸಾಕು. ಮರುಭೂಮಿಯ ಕಲ್ಲಿನಲ್ಲಿ ತುಕ್ಕು ಹಿಗ್ಗಿ ಬಿರುಕು ಬಿಟ್ಟಿರುತ್ತದೆ, ತಾರಸಿಯೊಳಗಿನ ಕಂಬಿ ತುಕ್ಕು ಹಿಡಿದು ಪ್ಲಾಸ್ಟರ್ ಸಿಡಿಯುವ ಹಾಗೆ. ಹಾಗಾಗಿ ಮೊದಲು ನಿರ್ವಾತದಲ್ಲಿ ಎಪಾಕ್ಸಿ ಕುಡಿಸಬೇಕು. ಆ ಹಂತ ಬಿಟ್ಟರೆ ತೆಳ್ಳಗೆ ತೇಯುವಾಗ ಕಾಂಡ್ರೂಲುಗಳು ಕಿತ್ತುಬಂದು ತೂತು ಉಳಿಯುತ್ತದೆ. ಗಾಜಿಗೆ ಅಂಟಿಸಿ 30 ಮೈಕ್ರಾನ್‌ಗೆ ತೇಯುತ್ತಾರೆ. 40ರಲ್ಲಿ ನಿಲ್ಲಿಸಿದರೆ ಸೂಕ್ಷ್ಮದರ್ಶಕದಲ್ಲಿ ಬಣ್ಣಗಳು ಒಂದು ಮೆಟ್ಟಿಲು ಏರಿ ಪೈರಾಕ್ಸೀನ್ ಎಂಬ ಇನ್ನೊಂದು ಸಿಲಿಕೇಟ್ ಖನಿಜ ಒಲಿವಿನ್‌ನಂತೆ ಕಾಣತೊಡಗುತ್ತದೆ. ಕೊನೆಗೆ 6, 3, 1 ಮೈಕ್ರಾನ್ ಡೈಮಂಡ್ ಪೇಸ್ಟಿನಲ್ಲಿ ಪಾಲಿಶ್. ಮೇಲೆ ಕವರ್‌ಸ್ಲಿಪ್ ಅಂಟಿಸಬಾರದು! ಶಿಲಾಶಾಸ್ತ್ರದ ತರಗತಿಗೆ ಮಾಡುವ ಸ್ಲೈಡುಗಳಿಗೆ ಕವರ್ ಹಾಕುವುದು ರೂಢಿ, ಹೇಳದಿದ್ದರೆ ಕೈ ತಾನಾಗಿ ಹಾಕಿಬಿಡುತ್ತದೆ. ಎಲೆಕ್ಟ್ರಾನ್ ಕಿರಣ ಗಾಜಿನ ಮೂಲಕ ಹೋಗಲಾರದು.

ಆ ಕಿರಣದ ಯಂತ್ರಕ್ಕೆ ಎಲೆಕ್ಟ್ರಾನ್ ಮೈಕ್ರೊಪ್ರೋಬ್ ಎಂದು ಹೆಸರು. ಸ್ಲೈಡಿಗೆ ಇಂಗಾಲದ ತೆಳು ಲೇಪ ಕೊಟ್ಟು, ಸಾಮಾನ್ಯವಾಗಿ 15 ಕಿಲೊವೋಲ್ಟ್‌ನಲ್ಲಿ, ಒಂದೆರಡು ಮೈಕ್ರಾನ್ ಅಗಲದ ಬಿಂದುವಿನಲ್ಲಿ ಒಂದು ಹರಳಿನ ಸಂಯೋಜನೆ ಓದುತ್ತದೆ. ಉದಾಹರಣೆಗೆ ಒಂದು ಒಲಿವಿನ್ ಹರಳಿನಲ್ಲಿ ಹೀಗೆ ಬಂತೆನ್ನಿ: ಸಿಲಿಕಾ 38.4, ಕಬ್ಬಿಣದ ಆಕ್ಸೈಡ್ 22.6, ಮೆಗ್ನೀಷಿಯಂ ಆಕ್ಸೈಡ್ 38.5, ಮ್ಯಾಂಗನೀಸ್ ಆಕ್ಸೈಡ್ 0.5. ಕೂಡಿದರೆ 100.0, ಓದು ಆರೋಗ್ಯವಾಗಿದೆ. ಮೊತ್ತ 97ಕ್ಕಿಂತ ಕೆಳಗಿದ್ದರೆ ಕಿರಣ ಬಿರುಕಿನ ಮೇಲೋ ತುಕ್ಕಿನ ಮೇಲೋ ಬಿದ್ದಿದೆ, ಆ ಬಿಂದುವನ್ನು ಬಿಟ್ಟುಬಿಡಬೇಕು. ಈಗ ಪ್ರತಿಯೊಂದನ್ನೂ ಅದರ ಅಣುತೂಕದಿಂದ ಭಾಗಿಸಿ. ಕಬ್ಬಿಣ 22.6 ಭಾಗಿಸು 71.84, ಅಂದರೆ 0.315. ಮೆಗ್ನೀಷಿಯಂ 38.5 ಭಾಗಿಸು 40.30, ಅಂದರೆ 0.955. ಸಿಲಿಕಾ 38.4 ಭಾಗಿಸು 60.08, ಅಂದರೆ 0.639. ಕಬ್ಬಿಣ, ಮೆಗ್ನೀಷಿಯಂ, ಜೊತೆಗೆ ಮ್ಯಾಂಗನೀಸಿನ 0.007, ಮೂರನ್ನೂ ಕೂಡಿ ಸಿಲಿಕಾದಿಂದ ಭಾಗಿಸಿದರೆ 2.00 ಬರುತ್ತದೆ. ಒಲಿವಿನ್ ಸೂತ್ರದಲ್ಲಿ ಇರಬೇಕಾದ್ದೂ ಸಿಲಿಕಾನ್ ಒಂದಕ್ಕೆ ಲೋಹ ಎರಡೇ, ಆದ್ದರಿಂದ ಓದಿದ್ದು ಒಲಿವಿನ್ನೇ. ಕೊನೆಗೆ ಕಬ್ಬಿಣದ ಪಾಲು: 0.315 ಭಾಗಿಸು 1.270, ಗುಣಿಸು 100. ಉತ್ತರ 24.8. ಇದನ್ನೇ ‘ಫಯಲೈಟ್ 24.8’ ಎನ್ನುತ್ತಾರೆ.

ಎಚ್ ಗುಂಪಿನ ಫಯಲೈಟ್ 16ರಿಂದ 20, ಎಲ್ ಗುಂಪಿನದು 22ರಿಂದ 26, ಎಲ್‌ಎಲ್‌ನದು 26ರಿಂದ 32. 24.8 ಬಂದರೆ ನಿಮ್ಮ ವ್ಯಾಪಾರಿ ಗೆದ್ದ. 18.5 ಬಂದರೆ ಕಲ್ಲು ಎಚ್, ಅದರ ಲೋಹವೆಲ್ಲ ಸಹಾರಾಕ್ಕೆ ಸಂದಾಯವಾಗಿದೆ. 10ರ ಆಸುಪಾಸು ಬಂದು ಒಲಿವಿನ್‌ನಲ್ಲಿ ನಿಕೆಲ್ ಆಕ್ಸೈಡ್ 0.3–0.4 ಶೇಕಡಾ ಕಂಡರೆ ಅದು ಭೂಮಿಯ ಡ್ಯೂನೈಟ್ ಇರಬಹುದು, ಏಕೆಂದರೆ ಸಾಮಾನ್ಯ ಕಾಂಡ್ರೈಟ್‌ನಲ್ಲಿ ನಿಕೆಲ್ ಲೋಹದೊಳಗೆ ಸೇರಿಹೋಗಿ ಒಲಿವಿನ್‌ನಲ್ಲಿ ಬಹುತೇಕ ಉಳಿದಿರುವುದಿಲ್ಲ. ಎಲ್ ಮತ್ತು ಎಲ್‌ಎಲ್ ಗಡಿ ಮಾತ್ರ ಒಗಟು. 26ರ ಹತ್ತಿರ ಬಂದಾಗ ಉಳಿದಿರುವ ಕಾಮಸೈಟ್ (ನಿಕೆಲ್ ಕಡಿಮೆ ಇರುವ ನಿಕೆಲ್-ಕಬ್ಬಿಣ) ಲೋಹದಲ್ಲಿ ಕೋಬಾಲ್ಟ್ ಅಳೆಯುತ್ತಾರೆ: ಎಚ್‌ನಲ್ಲಿ 0.5 ಶೇಕಡಾ ಸುಮಾರು, ಎಲ್‌ನಲ್ಲಿ 0.7ರಿಂದ 0.95, ಎಲ್‌ಎಲ್‌ನಲ್ಲಿ 1.4ಕ್ಕಿಂತ ಮೇಲೆ. ಜೊತೆಗೆ ಕ್ಯಾಲ್ಸಿಯಂ ಕಡಿಮೆ ಇರುವ ಪೈರಾಕ್ಸೀನ್‌ನ ಕಬ್ಬಿಣದ ಪಾಲನ್ನೂ ಕಡ್ಡಾಯವಾಗಿ ಓದುತ್ತಾರೆ. ಎಲ್‌ಗೆ ಅದು ಸುಮಾರು 19ರಿಂದ 22. ಒಲಿವಿನ್ ಒಂದು ಗುಂಪು, ಪೈರಾಕ್ಸೀನ್ ಇನ್ನೊಂದು ಗುಂಪು ಹೇಳಿದರೆ ಎಲ್ಲೋ ಎಡವಟ್ಟಾಗಿದೆ.

ಮೈಕ್ರೊಪ್ರೋಬ್ ಸಿಗದೆ ಎಸ್‌ಇಎಂಗೆ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಜೋಡಿಸಿದ ಇಡಿಎಸ್ ಎಂಬ ಎಕ್ಸ್-ರೇ ಅಳತೆಯ ಸಾಧನದಲ್ಲಿ ಓದಿಸುವವರಿದ್ದಾರೆ. ಪ್ರಮಾಣಿತ ಖನಿಜ ಇಟ್ಟು ಹೊಂದಿಸದಿದ್ದರೆ ಫಯಲೈಟ್ ಎರಡು-ಮೂರು ಅಂಕ ಆಚೀಚೆ ಹೋಗಬಹುದು. 18 ಬಂದರೆ ಎಚ್ ಎಂದು ಧೈರ್ಯವಾಗಿ ಹೇಳಬಹುದು, 25 ಬಂದರೆ ಬಾಯಿಬಿಡಬಾರದು.

ಒಂದು ಹರಳು ಓದಿದರೆ ಸಾಲದು, ಬೇರೆ ಬೇರೆ ಕಾಂಡ್ರೂಲುಗಳಿಂದ ಹತ್ತಿಪ್ಪತ್ತು ಹರಳು ಬೇಕು. ಏಕೆಂದರೆ ಎರಡನೆಯ ಪ್ರಶ್ನೆ, ಅಂದರೆ 3ರಿಂದ 6ರವರೆಗಿನ ಬೇಯುವಿಕೆಯ ಅಂಕಿ, ಇದೇ ಓದಿನಲ್ಲಿದೆ. ವ್ಯಾನ್ ಶ್ಮಸ್ ಮತ್ತು ವುಡ್ 1967ರಲ್ಲಿ ಮಾಡಿದ ಕ್ರಮ ಇದು. ಓದುಗಳು 8, 19, 31 ಎಂದು ಚೆಲ್ಲಾಪಿಲ್ಲಿಯಾಗಿದ್ದರೆ ಕಲ್ಲು ಬೆಂದೇ ಇಲ್ಲ, ಅದು 3. ಕಾಂಡ್ರೂಲಿನೊಳಗೆ ಗಾಜು ಇನ್ನೂ ತಿಳಿಯಾಗಿರುತ್ತದೆ. ಅಂಥದ್ದು ನಿಮ್ಮದಾಗಿದ್ದರೆ ಸಂಭ್ರಮಪಡಿ, ಪ್ರಯೋಗಾಲಯದವರೂ ಕಿವಿ ನಿಮಿರಿಸುತ್ತಾರೆ. ಓದುಗಳು 24.5, 24.9, 24.7 ಎಂದು ಒಂದೇ ಕಡೆ ಕೂತಿದ್ದರೆ 4, 5 ಅಥವಾ 6. ಅಲ್ಲಿಂದ ಮುಂದೆ ಕಣ್ಣಿನ ಕೆಲಸ. 4ರಲ್ಲಿ ಕಾಂಡ್ರೂಲಿನ ಅಂಚು ಚೆನ್ನಾಗಿ ಕಾಣುತ್ತದೆ, ಗಾಜು ಮಸುಕಾಗಿರುತ್ತದೆ, ಪೈರಾಕ್ಸೀನ್‌ನಲ್ಲಿ ಪಟ್ಟೆಪಟ್ಟೆಯ ಜೋಡಿಹರಳು ಇನ್ನೂ ಉಳಿದಿರುತ್ತವೆ. 5ರಲ್ಲಿ ಕಾಂಡ್ರೂಲು ಗುರುತು ಸಿಗುತ್ತದೆ, ಅಂಚು ಸುತ್ತಲಿನದರೊಳಗೆ ಬೆರೆಯತೊಡಗಿರುತ್ತದೆ. 6ರಲ್ಲಿ ಹುಡುಕಬೇಕು. 5 ಮತ್ತು 6ರ ನಡುವೆ ಗೆರೆ ಎಳೆಯುವುದು ಪ್ಲೇಜಿಯೋಕ್ಲೇಸ್ ಎಂಬ ಫೆಲ್ಡ್‌ಸ್ಪಾರ್ ಖನಿಜದ ಹರಳಿನ ಗಾತ್ರ: 50 ಮೈಕ್ರಾನ್ ದಾಟಿದ್ದರೆ 6. ತುಕ್ಕು ತುಂಬಿದ ಕಲ್ಲಿನಲ್ಲಿ ಕಂದು ಬಣ್ಣವೇ ಕಾಂಡ್ರೂಲಿನ ಅಂಚನ್ನು ಮಸುಕು ಮಾಡಿ 5 ಅನ್ನು 6ರಂತೆ ತೋರಿಸುತ್ತದೆ. ಲೂಪಿನಲ್ಲಿ ನೋಡಿ 6 ಎಂದವರು ಸ್ಲೈಡ್ ನೋಡಿ 5 ಎನ್ನುವುದು ಮಾಮೂಲು.

ಪೆಟ್ಟಿನ ದರ್ಜೆಗೆ ಸ್ಟೋಫ್ಲರ್, ಕೈಲ್, ಸ್ಕಾಟ್ 1991ರಲ್ಲಿ ಕೊಟ್ಟ ಎಸ್1ರಿಂದ ಎಸ್6ರ ಪಟ್ಟಿ ಇದೆ. 2018ರ ಪರಿಷ್ಕರಣೆಯ ನಂತರ ‘ಸಿ-ಎಸ್3’ ಎಂದು ಬರೆಯುವುದೂ ಇದೆ. ಧ್ರುವೀಕೃತ ಬೆಳಕಿನಲ್ಲಿ ಸ್ಲೈಡ್ ಇಟ್ಟ ಸೂಕ್ಷ್ಮದರ್ಶಕದ ಮೇಜು ತಿರುಗಿಸಿದಾಗ ಒಲಿವಿನ್ ಒಮ್ಮೆಲೇ ಕತ್ತಲಾದರೆ ಎಸ್1, ಅಲೆಯಂತೆ ಕತ್ತಲು ಹಾದುಹೋದರೆ ಎಸ್2, ಸಮಾನಾಂತರ ಸೀಳುಗೆರೆಗಳು ಕಂಡರೆ ಎಸ್3, ಹರಳು ಚುಕ್ಕಿಚುಕ್ಕಿಯಾಗಿ ಬೇರೆ ಬೇರೆ ಹೊತ್ತಿಗೆ ಕತ್ತಲಾದರೆ ಎಸ್4. ಎಸ್5ರಲ್ಲಿ ಪ್ಲೇಜಿಯೋಕ್ಲೇಸ್ ಗಾಜಾಗಿರುತ್ತದೆ. ಎಲ್ ಗುಂಪಿನ ಕಲ್ಲುಗಳಲ್ಲಿ ಜೋರು ಪೆಟ್ಟಿನವು ಹೆಚ್ಚು: ಅವುಗಳ ತಾಯಿ ಕಾಯ ಸುಮಾರು 47 ಕೋಟಿ ವರ್ಷಗಳ ಹಿಂದೆ ದೊಡ್ಡ ಡಿಕ್ಕಿಯಲ್ಲಿ ಒಡೆದುಹೋಯಿತು. ತುಕ್ಕಿನ ಎಳೆಯನ್ನು ಪೆಟ್ಟಿನಿಂದಾದ ಕಪ್ಪು ಎಳೆ ಎಂದು ತಪ್ಪು ತಿಳಿಯುವುದೂ ಇದೆ. ಮೇಲಿನಿಂದ ಬೆಳಕು ಬಿಟ್ಟು ನೋಡಿದರೆ ತುಕ್ಕು ಏಕರೀತಿ ಬೂದು, ಪೆಟ್ಟಿನ ಎಳೆಯೊಳಗೆ ಲೋಹ ಮತ್ತು ಸಲ್ಫೈಡಿನ ಸಣ್ಣ ಹನಿಗಳು.

ತುಕ್ಕಿನ ದರ್ಜೆ ಸಾಮಾನ್ಯ ಕಾಂಡ್ರೈಟ್‌ಗಳಿಗೆಂದು ವ್ಲೋಟ್ಸ್ಕಾ 1993ರಲ್ಲಿ ಕೊಟ್ಟದ್ದು. ಪಾಲಿಶ್ ಆದ ಸ್ಲೈಡಿನಲ್ಲಿ, ಮೇಲಿನ ಬೆಳಕಿನಲ್ಲಿ ನೋಡಬೇಕು. ಲೋಹ ಮತ್ತು ಟ್ರಾಯ್ಲೈಟ್‌ನಲ್ಲಿ 20ರಿಂದ 60 ಶೇಕಡಾ ತುಕ್ಕಾಗಿದ್ದರೆ ಡಬ್ಲ್ಯು2, 60ರಿಂದ 95 ಡಬ್ಲ್ಯು3, ಅದಕ್ಕೂ ಮೇಲೆ ಡಬ್ಲ್ಯು4. ಸಿಲಿಕೇಟುಗಳೇ ಕೆಡಲು ಶುರುವಾದರೆ 5, ಜೇಡಿಯಾಗಿಬಿಟ್ಟರೆ 6. ನಿಮ್ಮ ವಿವರಣೆ, ಒಳಗೆಲ್ಲ ಕಂದು ಮತ್ತು ಅಲ್ಲಲ್ಲಿ ಮಿನುಗು, ಡಬ್ಲ್ಯು3ಕ್ಕೆ ಹೊಂದುತ್ತದೆ. ಇದೇ ಕಾರಣಕ್ಕೆ ‘ಎಲ್’ ಎಂಬ ಅಕ್ಷರದ ಮೇಲೆ ಈಗಲೇ ನಂಬಿಕೆ ಬೇಡ ಎನ್ನುತ್ತಿರುವುದು.

ಎಷ್ಟು ಕಲ್ಲು ಕಳೆದುಕೊಳ್ಳಬೇಕು ಎಂದಿರಿ. ಉಲ್ಕಾಶಿಲೆ ವಿಜ್ಞಾನಿಗಳ ಅಂತಾರಾಷ್ಟ್ರೀಯ ಸಂಘವಾದ ಮೀಟಿಯೊರಿಟಿಕಲ್ ಸೊಸೈಟಿಯ ನಾಮಕರಣ ಸಮಿತಿ ಹೆಸರು ಕೊಡಬೇಕಾದರೆ ಮಾದರಿ ತುಂಡೊಂದು ಮಾನ್ಯ ಸಂಸ್ಥೆಯಲ್ಲಿ ಶಾಶ್ವತವಾಗಿ ಉಳಿಯಬೇಕು: 20 ಗ್ರಾಂ ಅಥವಾ ಒಟ್ಟು ತೂಕದ 20 ಶೇಕಡಾ, ಯಾವುದು ಕಡಿಮೆಯೋ ಅದು. 386 ಗ್ರಾಂಗೆ 20 ಶೇಕಡಾ ಎಂದರೆ 77 ಗ್ರಾಂ, ಆದ್ದರಿಂದ ನಿಮಗೆ ಅನ್ವಯಿಸುವುದು 20 ಗ್ರಾಂ. ಕೊಯ್ತದ ದೂಳು ಸೇರಿಸಿ 25 ಗ್ರಾಂ ಎಂದಿಟ್ಟುಕೊಳ್ಳಿ. ನಿಖರ ಜಾಗ ಗೊತ್ತಿಲ್ಲದ ಮೊರಾಕೊ ಕಡೆಯ ಕಲ್ಲುಗಳಿಗೆ ‘ನಾರ್ತ್‌ವೆಸ್ಟ್ ಆಫ್ರಿಕಾ’ ಎಂಬ ಹೆಸರಿನ ಮುಂದೆ ಒಂದು ಸಂಖ್ಯೆ ಸಿಗುತ್ತದೆ, ಅಷ್ಟೆ. ಸಂಖ್ಯೆಗಳು ಹತ್ತು ಸಾವಿರ ದಾಟಿ ಎಷ್ಟೋ ಕಾಲವಾಯಿತು.

ಮೈಸೂರಿನಲ್ಲಿ ಮೊದಲು ವಿಚಾರಿಸಬೇಕಾದ ಜಾಗ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗ. ಕಿಟಕಿಯ ಫೋಟೊ, ಸಾಂದ್ರತೆಯ ಅಂಕಿ, ರಶೀದಿಯ ಪ್ರತಿ ಇಟ್ಟುಕೊಂಡು ಹೋಗಿ. ಸ್ಲೈಡ್ ನೋಡಿ ಕಾಂಡ್ರೈಟ್ ಹೌದೋ, ಸುಮಾರಾಗಿ ಎಷ್ಟನೆಯ ಅಂಕಿ ಎಂದು ಹೇಳುವುದು ಶಿಲಾಶಾಸ್ತ್ರ ಬಲ್ಲವರಿಗೆ ಕಷ್ಟವಲ್ಲ. ಮುಂದಿನ ಹೆಜ್ಜೆಗೆ ಉಲ್ಕಾಶಿಲೆಗಳ ಮೇಲೆ ಕೆಲಸ ಮಾಡುವ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಂಥ ಕಡೆಗೆ ಬರೆಯಬೇಕು. ಬರೆಯುವಾಗ ‘ಎಲ್5 ಕಲ್ಲು’ ಎಂದು ಬರೆಯದೆ ಅಳತೆಗಳನ್ನಷ್ಟೇ ಕೊಡಿ. ಸಾಮಾನ್ಯ ಕಾಂಡ್ರೈಟ್‌ಗೆ ಯಂತ್ರದ ಸಮಯ ಕೊಡಲು ಹಿಂದೇಟು ಹಾಕಿದರೆ ಬೇಜಾರು ಮಾಡಿಕೊಳ್ಳಬೇಡಿ, ಅವರ ಮುಂದೆ ಅಪರೂಪದ ಕಲ್ಲುಗಳ ಸರದಿ ಇರುತ್ತದೆ. ಕಿಟಕಿಯಲ್ಲಿ ಲೋಹ ಒಂದಿಷ್ಟೂ ಕಾಣದಿದ್ದರೆ, ಅಥವಾ ಕಾಂಡ್ರೂಲಿನ ಅಂಚುಗಳು ಕೆತ್ತಿದ ಹಾಗೆ ಸ್ಪಷ್ಟವಾಗಿದ್ದರೆ, ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ರಶೀದಿ ಜೋಪಾನ. ಮೊರಾಕೊದಲ್ಲಿ ಉಲ್ಕಾಶಿಲೆಗಳ ರಫ್ತಿಗೆ ನಿಯಮಗಳಿವೆ, ಒಮಾನ್‌ನಿಂದಂತೂ ಅನುಮತಿ ಇಲ್ಲದೆ ಹೊರತರುವುದು ಅಪರಾಧ. ಗಲ್ಫ್‌ನಲ್ಲಿರುವ ನಿಮ್ಮ ಭಾವನಿಗೆ ಇದನ್ನು ತಿಳಿಸಿ, ಮರಳುಗಾಡಿನಲ್ಲಿ ಕಂಡದ್ದನ್ನು ಚೀಲಕ್ಕೆ ಹಾಕಿಕೊಳ್ಳದಿರಲಿ. ನಮ್ಮ ದೇಶದಲ್ಲೇ ಬಿದ್ದ ಅಥವಾ ಸಿಕ್ಕ ಉಲ್ಕಾಶಿಲೆಯಾದರೆ ಅದು ಸೇರಬೇಕಾದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ.

ಅಲ್ಲಿಯವರೆಗೆ ಕಲ್ಲನ್ನು ಜಿಪ್ ಚೀಲದಲ್ಲಿ ಎರಡು-ಮೂರು ಪೊಟ್ಟಣ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ಸಿಕ್ಕರೆ ಒಳ್ಳೆಯದು, ಬಣ್ಣ ತಿರುಗಿದಾಗ ಬದಲಿಸಿ. ಎಣ್ಣೆ, ವಾರ್ನಿಷ್ ಬೇಡ. ಆಕಾಶದಿಂದ ಬಂದದ್ದೆಂದು ಮನೆಯಲ್ಲಿ ಹಿರಿಯರು ಅರಿಶಿನ ಕುಂಕುಮ ಇಡಬೇಕೆಂದರೆ ಚೀಲದ ಮೇಲೆ ಇಡಲಿ. ಕಿಟಕಿಯ ಫೋಟೊವನ್ನು ಇವತ್ತೇ ತೆಗೆದು, ಮಳೆಗಾಲ ಮುಗಿದ ಮೇಲೆ ಅದೇ ಬೆಳಕಿನಲ್ಲಿ ಇನ್ನೊಂದು ತೆಗೆಯಿರಿ. ಲೋಹದ ಕಣದ ಸುತ್ತ ಕಿತ್ತಳೆ ಬಣ್ಣದ ಹೊಸ ಬೆವರುಹನಿ ಕಂಡರೆ ಕ್ಲೋರೈಡ್ ಒಳಗೇ ಇದೆ ಎಂದರ್ಥ. ಆಗ ಸ್ಲೈಡ್ ಮಾಡಿಸುವುದನ್ನು ಮುಂದೂಡಬೇಡಿ.